ಎಸ್‌ಎಸ್ ಪೈಪಿಗೆ ದೊಡ್ಡ ಥ್ರೆಡ್: ಎಲ್ಲಿ ಕೈಕೊಡುತ್ತಿದೆ ಅಂತ ಪತ್ತೆ ಮಾಡುವುದು

ಚಿಕ್ಕ ವರ್ಕ್‌ಶಾಪ್, ಒಂದು ಸಾಮಾನ್ಯ ಲೇತ್ (ಜಾಬನ್ನು ತಿರುಗಿಸಿ ಕತ್ತರಿಸುವ ಯಂತ್ರ), ಜಾಬು ಹಿಡಿಯುವ ಚಕ್‌ನಲ್ಲಿ 316 ದರ್ಜೆಯ ಎಸ್‌ಎಸ್‌ನ (ಸ್ಟೇನ್‌ಲೆಸ್ ಸ್ಟೀಲ್) 2 ಇಂಚಿನ ಪೈಪು. ಮೊದಲ ಐದಾರು ಕಟ್ ಚೆನ್ನಾಗಿಯೇ ಹೋಗುತ್ತದೆ. ಥ್ರೆಡ್ ಅರ್ಧ ಆಳಕ್ಕೆ ಬರುತ್ತಿದ್ದಂತೆ ಲೇತ್ ನರಳಲು ಶುರುಮಾಡುತ್ತದೆ. ಮುಖ ಒರಟಾಗುತ್ತದೆ, ಇಲ್ಲ ಟೂಲ್ ತುದಿ ಹಾರಿಹೋಗುತ್ತದೆ. ಎಲ್ಲಾ ಮುಗಿದ ಮೇಲೆ ಥ್ರೆಡ್ ಅಳತೆ ನೋಡುವ ಗೇಜ್ ಕೂರುವುದಿಲ್ಲ. ಗೇಜ್ ಕೂತರೂ ನೀರು ಬಿಟ್ಟಾಗ ಸೋರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಟೂಲ್ ಬದಲಿಸುತ್ತಾರೆ. ಆಮೇಲೆ ಸ್ಪೀಡು, ಆಮೇಲೆ ಎಣ್ಣೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಟೂಲ್ ಲೋಹವನ್ನು ಕತ್ತರಿಸುತ್ತಿದೆಯೋ, ಉಜ್ಜುತ್ತಿದೆಯೋ?

ಎಂಎಸ್‌ನಲ್ಲಿ (ಸಾದಾ ಮೈಲ್ಡ್ ಸ್ಟೀಲ್) ಉಜ್ಜಿದರೂ ಕೆಲಸ ನಡೆದುಹೋಗುತ್ತದೆ. 304, 316ರಂಥ ಎಸ್‌ಎಸ್‌ನಲ್ಲಿ ನಡೆಯುವುದಿಲ್ಲ. ಇದಕ್ಕೆ ಕಾರಣ ಎರಡು. ಉಜ್ಜಿಸಿಕೊಂಡ ಜಾಗದಲ್ಲಿ ಈ ಲೋಹದ ಮೇಲ್ಮೈ ಗಟ್ಟಿಯಾಗುತ್ತದೆ, ಮುಂದಿನ ಕಟ್ ಆ ಗಟ್ಟಿ ಪದರದ ಮೇಲೆಯೇ ಜಾರುತ್ತದೆ. ಜೊತೆಗೆ ಎಸ್‌ಎಸ್‌ನಲ್ಲಿ ಶಾಖ ಹರಿಯುವುದು ಸಾದಾ ಸ್ಟೀಲಿನ ಮೂರನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಬಿಸಿಯೆಲ್ಲ ಟೂಲಿನ ಅಂಚಿನಲ್ಲೇ ಉಳಿಯುತ್ತದೆ. ಕೆಳಗೆ ಬರುವ ದೋಷಗಳಲ್ಲಿ ಅರ್ಧಕ್ಕರ್ಧ ಈ ಎರಡರಿಂದಲೇ ಹುಟ್ಟುವಂಥವು.

ಲೆಕ್ಕಗಳನ್ನು 2 ಇಂಚಿನ ಬಿಎಸ್‌ಪಿಟಿ (ಬ್ರಿಟಿಷ್ ಮಾದರಿಯ ಟೇಪರ್ ಪೈಪ್) ಥ್ರೆಡ್‌ಗೆ ಕೊಟ್ಟಿದ್ದೇನೆ: 55 ಡಿಗ್ರಿ, ಇಂಚಿಗೆ 11 ಥ್ರೆಡ್, ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ) 2.309 ಮಿ.ಮೀ., ಆಳ 1.479 ಮಿ.ಮೀ., ವ್ಯಾಸದಲ್ಲಿ 16ಕ್ಕೆ 1 ಟೇಪರ್, ಅಂದರೆ 16 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಬದಲಾಗುತ್ತದೆ. ಎನ್‌ಪಿಟಿ (ಅಮೆರಿಕದ ಮಾದರಿ) ಆದರೆ 60 ಡಿಗ್ರಿ, 2 ಇಂಚಿನ ಪೈಪಿನಲ್ಲಿ ಇಂಚಿಗೆ 11.5 ಥ್ರೆಡ್. ಟೇಪರ್ ಎರಡಕ್ಕೂ ಒಂದೇ.

ಮೊದಲು ಸಿಪ್ಪೆ ನೋಡಿ

ಲೇತ್ ನಿಲ್ಲಿಸಿ, ಇಕ್ಕಳದಲ್ಲಿ ಒಂದಿಷ್ಟು ಸಿಪ್ಪೆ (ಟೂಲ್ ಕತ್ತರಿಸಿ ತೆಗೆದ ಲೋಹ) ಎತ್ತಿಕೊಳ್ಳಿ. ಕೈಯಿಂದ ಬೇಡ. ಎಸ್‌ಎಸ್ ಸಿಪ್ಪೆ ಬ್ಲೇಡಿನ ಹಾಗೆ ಕೊಯ್ಯುತ್ತದೆ, ತಿರುಗುವ ಜಾಬಿಗೆ ಸುತ್ತಿಕೊಂಡಿದ್ದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಗ್ಲೌಸ್ ಹಾಕಿದ್ದರೆ ಇನ್ನೂ ಅಪಾಯ.

ಉದ್ದವಾಗಿ, ಒಂದೇ ದಪ್ಪದಲ್ಲಿ ಸುರುಳಿಯಾಗಿ ಬಂದಿದ್ದರೆ ಟೂಲ್ ಕತ್ತರಿಸುತ್ತಿದೆ ಎಂದರ್ಥ. ಸೂಜಿಯಂಥ ಚೂರು ಅಥವಾ ಪುಡಿ ಬಂದಿದ್ದರೆ ಉಜ್ಜುತ್ತಿದೆ. ಸಿಪ್ಪೆಯ ನಡುವೆ ಮಡಿಕೆ ಬಿದ್ದು, ಎರಡು ಅಂಚೂ ಒಳಕ್ಕೆ ಮುದುಡಿದ್ದರೆ ಟೂಲಿನ ಎರಡು ಬದಿಯಿಂದ ಬಂದ ಸಿಪ್ಪೆಗಳು ಥ್ರೆಡ್ಡಿನ ಸಂದಿಯಲ್ಲಿ ಗುದ್ದಾಡಿಕೊಂಡಿವೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಸಿಪ್ಪೆ ನೀಲಿಯಾಗಿದ್ದರೆ ಸ್ಪೀಡು ಜಾಸ್ತಿ. ಬೆಳ್ಳಿ ಬಣ್ಣ ಅಥವಾ ತೆಳು ಹಳದಿ ಇದ್ದರೆ ಚಿಂತೆಯಿಲ್ಲ.

ಆಮೇಲೆ ಒಂದು ಭೂತಗನ್ನಡಿ ಹಿಡಿದು ಥ್ರೆಡ್ಡಿನ ಎರಡು ಮುಖಗಳನ್ನೂ ಬೇರೆಬೇರೆಯಾಗಿ ನೋಡಿ. ಯಾವ ಮುಖ ಕೆಟ್ಟಿದೆ? ಚಕ್ ಕಡೆಯದೋ, ಅದರ ಎದುರು ತುದಿಯ ಟೇಲ್‌ಸ್ಟಾಕ್ ಕಡೆಯದೋ? ಈ ಒಂದು ವಿಷಯ ಗೊತ್ತಾದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಥ್ರೆಡ್ಡಿನ ಮುಖ ಕಿತ್ತುಬಂದಿದ್ದರೆ

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎರಡು ಮುಖವೂ ಒಂದೇ ಸಮ ಕಿತ್ತಿದ್ದರೆ ನೀವು ಕ್ರಾಸ್ ಸ್ಲೈಡಿನಿಂದ (ಟೂಲನ್ನು ಜಾಬಿನ ಅಕ್ಷಕ್ಕೆ ಅಡ್ಡಲಾಗಿ ಸರಿಸುವ ಭಾಗ) ನೇರವಾಗಿ ಒಳಕ್ಕೆ ಕೊಡುತ್ತಿದ್ದೀರಿ ಅಂತ ಊಹಿಸಬಹುದು. ಪೂರ್ತಿ ಆಳಕ್ಕೆ ಬಂದಾಗ ಟೂಲಿನ ಎರಡು ಬದಿಯೂ ಸೇರಿ ಸುಮಾರು 3.3 ಮಿ.ಮೀ. ಉದ್ದದ ಅಂಚು ಒಟ್ಟಿಗೆ ಕತ್ತರಿಸಬೇಕು. ಚಿಕ್ಕ ಲೇತಿಗೆ ಇದು ದೊಡ್ಡ ಹೊರೆ. ಸಿಪ್ಪೆಗೂ ಹೊರಬರಲು ಜಾಗ ಸಿಗುವುದಿಲ್ಲ. ಕ್ರಾಸ್ ಸ್ಲೈಡಿನ ಮೇಲೆ ತಿರುಗುವ ಕಾಂಪೌಂಡ್ ಸ್ಲೈಡನ್ನು ಓರೆ ಮಾಡಿ, ಅದರಿಂದಲೇ ಕಟ್ ಕೊಡಿ. ಆಗ ಮುಖ್ಯವಾಗಿ ಚಕ್ ಕಡೆಯ ಅಂಚು ಕತ್ತರಿಸುತ್ತದೆ, ಸಿಪ್ಪೆ ಒಂದೇ ಕಡೆಗೆ ಸುರುಳಿಯಾಗಿ ಹೊರಬರುತ್ತದೆ.

ಟೇಲ್‌ಸ್ಟಾಕ್ ಕಡೆಯ ಮುಖ ಮಾತ್ರ ಕೆಟ್ಟಿದ್ದರೆ ಕಾಂಪೌಂಡಿನ ಕೋನ ನೋಡಿ. 55 ಡಿಗ್ರಿ ಥ್ರೆಡ್ಡಿಗೆ ಅರ್ಧ, ಅಂದರೆ ಸರಿಯಾಗಿ 27.5 ಡಿಗ್ರಿ ಇಟ್ಟಿದ್ದರೆ ಆ ಬದಿ ಏನನ್ನೂ ಕತ್ತರಿಸುವುದಿಲ್ಲ, ಸುಮ್ನೆ ಸವರಿಕೊಂಡು ಹೋಗುತ್ತದೆ. ಪ್ರತಿ ಕಟ್‌ನಲ್ಲೂ ಉಜ್ಜಿ ಉಜ್ಜಿ ಆ ಮುಖ ಗಟ್ಟಿಯಾಗುತ್ತದೆ. ಕೋನವನ್ನು ಒಂದು ಡಿಗ್ರಿ ಕಡಿಮೆ ಮಾಡಿ 26.5ಕ್ಕೆ ಇಡಿ. 60 ಡಿಗ್ರಿ ಥ್ರೆಡ್ಡಿಗೆ 29 ಸಾಕು. ಆಗ ಹಿಂದಿನ ಅಂಚಿಗೂ ಪ್ರತಿ ಸಲ ತೆಳುವಾದ ಸಿಪ್ಪೆ ಸಿಗುತ್ತದೆ. ಒಂದು ಎಚ್ಚರ: ಓರೆ ಇರುವುದರಿಂದ 1.479 ಮಿ.ಮೀ. ಆಳಕ್ಕೆ ಕಾಂಪೌಂಡಿನ ಡಯಲ್‌ನಲ್ಲಿ ಸುಮಾರು 1.65 ಮಿ.ಮೀ. ಕೊಡಬೇಕು.

ಚಕ್ ಕಡೆಯ ಮುಖ ಕೆಟ್ಟಿದ್ದರೆ ಅಂಚಿನದೇ ತಪ್ಪು. ಟೂಲ್ ತೆಗೆದು ತುದಿ ನೋಡಿ. ಒಂದು ಸಣ್ಣ ಲೋಹದ ಗುಳ್ಳೆ ಅಂಚಿಗೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಬರುವುದಿಲ್ಲ. ಅದು ಪೈಪಿನದೇ ಲೋಹ, ಬಿಸಿಗೆ ಬೆಸೆದುಕೊಂಡಿದೆ. ಅಷ್ಟು ಹೊತ್ತು ಥ್ರೆಡ್ಡನ್ನು ಕತ್ತರಿಸುತ್ತಿದ್ದದ್ದು ಟೂಲ್ ಅಲ್ಲ, ಆ ಗುಳ್ಳೆ. ಎಚ್‌ಎಸ್‌ಎಸ್ ಟೂಲ್ ಆದರೆ ಗ್ರೈಂಡರಿನಿಂದ ತೆಗೆದ ತಕ್ಷಣ ಹಾಕಬೇಡಿ. ಮೇಲ್ಮುಖವನ್ನೂ ಎರಡು ಬದಿಯನ್ನೂ ನುಣುಪಾದ ಎಣ್ಣೆಕಲ್ಲಿನಲ್ಲಿ ಉಜ್ಜಿ, ಗ್ರೈಂಡರಿನ ಗೀರು ಹೋಗುವವರೆಗೆ. ಮೇಲೆ ಸ್ವಲ್ಪ ರೇಕ್ (ಅಂಚಿನಿಂದ ಹಿಂದಕ್ಕೆ ಇಳಿಜಾರು) ಕೊಡಿ, ಚಪ್ಪಟೆ ಬಿಡಬೇಡಿ. ಕಾರ್ಬೈಡ್ ಇನ್ಸರ್ಟ್ (ಟೂಲಿಗೆ ಸಿಕ್ಕಿಸುವ ಗಟ್ಟಿ ತುದಿ) ಆದರೆ ಎಸ್‌ಎಸ್‌ಗೆ ಅಂತಲೇ ಬರುವ ಚೂಪು ಅಂಚಿನದು ತನ್ನಿ. ಎಂಎಸ್‌ಗೆ ಬಳಸುವ ಮೊಂಡಂಚಿನ ಇನ್ಸರ್ಟ್ ಇಲ್ಲಿ ಉಜ್ಜುವುದೇ ಜಾಸ್ತಿ.

ಎಣ್ಣೆಯ ಮಾತು. ಎಚ್‌ಎಸ್‌ಎಸ್‌ನಲ್ಲಿ ನಿಧಾನವಾಗಿ ಥ್ರೆಡ್ ಹಾಕುವಾಗ ನೀರಿಗೆ ಬೆರೆಸುವ ಕೂಲೆಂಟ್ ಸಾಲದು. ಗಂಧಕ ಸೇರಿಸಿದ ಕಟಿಂಗ್ ಆಯಿಲ್ ಬೇಕು, ಬ್ರಶ್ಶಿನಲ್ಲಿ ಹಚ್ಚಿದರೂ ಆಗುತ್ತದೆ. ಎಂಜಿನ್ ಆಯಿಲ್ ಈ ಕೆಲಸಕ್ಕಲ್ಲ.

ಇನ್ನು ಕಟ್‌ನ ಆಳ. ನನ್ನ ಮಟ್ಟಿಗೆ ಎಸ್‌ಎಸ್ ಥ್ರೆಡ್ ಕೆಡಲು ದೊಡ್ಡ ಕಾರಣ ಭಯ. ಲೇತ್ ನರಳಿದ ಕೂಡಲೇ ಆಪರೇಟರ್ 0.02 ಮಿ.ಮೀ., 0.01 ಮಿ.ಮೀ. ಅಂತ ಕೊಡಲು ಶುರುಮಾಡುತ್ತಾನೆ. ಅಷ್ಟು ತೆಳುವಾದ ಕಟ್‌ನಲ್ಲಿ ಅಂಚು ಲೋಹದೊಳಗೆ ಇಳಿಯುವುದೇ ಇಲ್ಲ. ಮುಖ ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ಹೊಳಪು ನೋಡಿ ಖುಷಿಪಡಬೇಡಿ, ಅದು ಗಟ್ಟಿಯಾದ ಪದರ. ಒಂದು ಕಟ್ 0.05 ಮಿ.ಮೀ.ಗಿಂತ ಕಡಿಮೆಯಾಗಬಾರದು. ಕಟ್ ಕೊಡದೆ ಸುಮ್ನೆ ಇನ್ನೊಂದು ಸಲ ಓಡಿಸುವ ಅಭ್ಯಾಸ ಎಂಎಸ್‌ನಲ್ಲಿ ಒಳ್ಳೆಯದು, ಇಲ್ಲಿ ಬೇಡ.

ಹಾಗಂತ ಎಲ್ಲಾ ಕಟ್ ಒಂದೇ ಆಳ ಕೊಟ್ಟರೂ ಆಗದು. ಥ್ರೆಡ್ ಆಳವಾದಷ್ಟೂ ಸಿಪ್ಪೆ ಅಗಲವಾಗುತ್ತದೆ. ಪ್ರತಿ ಕಟ್‌ನಲ್ಲೂ ಒಂದೇ ಪ್ರಮಾಣದ ಲೋಹ ತೆಗೆಯಬೇಕೆಂದರೆ ಲೆಕ್ಕ ಹೀಗೆ: ಈಗಿನ ಕಟ್‌ನ ಸಂಖ್ಯೆಯನ್ನು ಒಟ್ಟು ಕಟ್‌ಗಳಿಂದ ಭಾಗಿಸಿ, ಅದರ ವರ್ಗಮೂಲವನ್ನು ಪೂರ್ತಿ ಆಳಕ್ಕೆ ಗುಣಿಸಿ. ಬಂದದ್ದು ಆ ಕಟ್ ಮುಗಿದಾಗ ಇರಬೇಕಾದ ಆಳ. 14 ಕಟ್ ಅಂದುಕೊಂಡರೆ ಮೊದಲನೆಯದು 0.395, ಎರಡಕ್ಕೆ 0.56, ಐದಕ್ಕೆ 0.88, ಹತ್ತಕ್ಕೆ 1.25, ಹದಿಮೂರಕ್ಕೆ 1.425, ಕೊನೆಗೆ 1.479. ಕೊನೆಯ ಕಟ್ 0.054 ಮಿ.ಮೀ. ಆಯಿತಲ್ವಾ, ನಮ್ಮ ಮಿತಿಗೆ ಸರಿಯಾಗಿ ಬಂತು. 14ಕ್ಕಿಂತ ತೀರಾ ಜಾಸ್ತಿ ಕಟ್ ಮಾಡಿದರೆ ಕೊನೆಯವು ಉಜ್ಜುವ ಮಟ್ಟಕ್ಕೆ ಇಳಿಯುತ್ತವೆ. ಮೊದಲ 0.395 ಚಿಕ್ಕ ಲೇತಿಗೆ ಜಾಸ್ತಿ ಅನ್ನಿಸಿದರೆ ಅದನ್ನು ಎರಡು ಮಾಡಿಕೊಳ್ಳಿ, ಉಳಿದದ್ದು ಹಾಗೇ ಇರಲಿ.

ಆಗಲೇ ಹೊಳಪು ಬಂದುಬಿಟ್ಟಿದ್ದರೆ? ಟೂಲ್ ಚೂಪು ಮಾಡಿ, ಎಣ್ಣೆ ಹಾಕಿ, 0.1 ಮಿ.ಮೀ. ಒಂದೇ ಏಟಿಗೆ ಕೊಡಿ. ಆ ಪದರದ ಅಡಿಗೆ ಇಳಿಯಬೇಕು. ಅಷ್ಟು ಲೋಹ ಉಳಿದಿಲ್ಲವಾದರೆ ಪೈಪಿನ ತುದಿ ಕತ್ತರಿಸಿ ಹೊಸದಾಗಿ ಶುರುಮಾಡುವುದೇ ಮೇಲು.

ಎಚ್‌ಎಸ್‌ಎಸ್‌ಗೆ ಮಿನಿಟಿಗೆ 5ರಿಂದ 6 ಮೀಟರ್ ವೇಗ ಸಾಕು. 60 ಮಿ.ಮೀ. ವ್ಯಾಸಕ್ಕೆ ಅದು ಸುಮಾರು 30 ಆರ್‌ಪಿಎಂ.

ಗಡಗಡ ನಡುಕ ಬಂದರೆ

ಟೂಲಿನ ಎತ್ತರ, ಬದಿಯ ಕ್ಲಿಯರೆನ್ಸ್ ಅಂತ ಹುಡುಕುತ್ತಾ ಕೂರುವವರು ತುಂಬ ಜನ. ಈ ವ್ಯಾಸದಲ್ಲಿ ಅವು ಮೊದಲ ಅನುಮಾನ ಅಲ್ಲ. 60 ಮಿ.ಮೀ. ಜಾಬಿನಲ್ಲಿ ಟೂಲ್ ಅರ್ಧ ಮಿ.ಮೀ. ಮೇಲೆ ಕೆಳಗೆ ಆದರೆ ಕೋನ ಬದಲಾಗುವುದು ಸುಮಾರು ಒಂದು ಡಿಗ್ರಿ. ಥ್ರೆಡ್ಡಿನ ಓರೆಯೂ 0.7 ಡಿಗ್ರಿ ಅಷ್ಟೇ.

ಮೊದಲು ಸಡಿಲ ಎಲ್ಲಿದೆ ನೋಡಿ. ಲೇತ್ ನಿಂತಿರುವಾಗ ಡಯಲ್ ಗೇಜನ್ನು ಬೆಡ್ ಮೇಲೆ ಕೂರಿಸಿ, ಮೊನೆಯನ್ನು ಟೂಲ್ ತುದಿಯ ಹತ್ತಿರ ತಾಗಿಸಿ. ಟೂಲ್ ಪೋಸ್ಟನ್ನು ಕೈಯಿಂದ ಕೆಳಕ್ಕೆ ಒತ್ತಿ, ಹಿಂದಕ್ಕೆ ತಳ್ಳಿ. ಮುಳ್ಳು ಅಲ್ಲಾಡಿ ವಾಪಸ್ ಬಾರದೆ ಉಳಿದರೆ ಗಿಬ್ (ಸ್ಲೈಡನ್ನು ಬಿಗಿಯಾಗಿಡುವ ಪಟ್ಟಿ) ಸಡಿಲ ಇದೆ. ಹೀಗೇ ಕಾಂಪೌಂಡ್, ಕ್ರಾಸ್ ಸ್ಲೈಡ್, ಕ್ಯಾರೇಜ್ (ಇವನ್ನೆಲ್ಲ ಹೊತ್ತು ಬೆಡ್ ಮೇಲೆ ಓಡುವ ಭಾಗ) ಒಂದೊಂದಾಗಿ ನೋಡುತ್ತಾ ಹೋಗಿ. ಆಮೇಲೆ ಗೇಜನ್ನು ಪೈಪಿನ ಹೊರತುದಿಗೆ ಇಟ್ಟು ಅದನ್ನೂ ಒತ್ತಿ ನೋಡಿ. ಟೂಲಿಗಿಂತ ಪೈಪೇ ಜಾಸ್ತಿ ಬಾಗುತ್ತಿದ್ದರೆ ಟೂಲ್ ಬದಲಿಸಿ ಉಪಯೋಗವಿಲ್ಲ. ಪೈಪನ್ನು ಚಕ್‌ನಿಂದ ಎಷ್ಟು ಬೇಕೋ ಅಷ್ಟೇ ಹೊರಗೆ ಬಿಡಿ, ಇಲ್ಲವೇ ತುದಿಗೆ ಪ್ಲಗ್ ಹಾಕಿ ಟೇಲ್‌ಸ್ಟಾಕಿನ ಸೆಂಟರ್ ಕೊಡಿ. ಸ್ಪಿಂಡಲಿನ ಹಿಂದೆ ಉದ್ದ ಪೈಪು ಚಾಚಿಕೊಂಡಿದ್ದರೆ ಅದಕ್ಕೆ ಆಸರೆ ಇರಲೇಬೇಕು. ಅದು ಬರಿ ನಡುಕದ ವಿಷಯ ಅಲ್ಲ, ಪೈಪು ಬೀಸಿದರೆ ಜನರಿಗೆ ಬಡಿಯುತ್ತದೆ.

ಒಳಗಿನ ಥ್ರೆಡ್ಡಿನಲ್ಲಿ ನಡುಕ ಬಂದರೆ ಕಾರಣ ಸಾಮಾನ್ಯವಾಗಿ ಬೋರಿಂಗ್ ಬಾರ್. ತೂತಿನಲ್ಲಿ ಹಿಡಿಸುವಷ್ಟೂ ದಪ್ಪ ಬಾರ್ ಹಾಕಿ, ಚಾಚು ಕಡಿಮೆ ಮಾಡಿ. ಟೂಲಿನ ಕೆಳಗಿನ ಹಿಮ್ಮಡಿ ತೂತಿನ ಗೋಡೆಗೆ ತಾಗುತ್ತಿದೆಯಾ ಅಂತಲೂ ನೋಡಿ. ಅಲ್ಲಿ ಹೊಳೆಯುವ ಗೀರು ಕಂಡರೆ ತಾಗುತ್ತಿದೆ, ಇನ್ನಷ್ಟು ಗ್ರೈಂಡ್ ಮಾಡಿ.

ತುದಿ ಪದೇಪದೇ ಮುರಿದರೆ

ಎಲ್ಲಿ ಮುರಿಯುತ್ತಿದೆ? ಥ್ರೆಡ್ಡಿನ ಕೊನೆಯಲ್ಲಾದರೆ ಟೂಲನ್ನು ಹೊರಗೆಳೆಯುವುದು ತಡವಾಗುತ್ತಿದೆ. ಕಾರ್ಬೈಡ್ ಹಾಕಿ ಮಿನಿಟಿಗೆ 60 ಮೀಟರ್ ವೇಗದಲ್ಲಿ ಓಡಿಸಿದರೆ ಸುಮಾರು 320 ಆರ್‌ಪಿಎಂ ಆಗುತ್ತದೆ. ಕ್ಯಾರೇಜ್ ಸೆಕೆಂಡಿಗೆ 12 ಮಿ.ಮೀ. ಓಡುತ್ತದೆ. ಕೈಯಿಂದ ಹಾಫ್ ನಟ್ (ಕ್ಯಾರೇಜನ್ನು ಅದನ್ನು ಓಡಿಸುವ ಲೀಡ್ ಸ್ಕ್ರೂಗೆ ಜೋಡಿಸುವ ಹಿಡಿತ) ತೆಗೆಯುವವರಿಗೆ ಅದು ತುಂಬ ವೇಗ. ಕಡಿಮೆ ವೇಗದಲ್ಲಿ ಓಡಿಸಿದರೆ ಕಾರ್ಬೈಡಿನ ಅಂಚಿಗೆ ಲೋಹ ಅಂಟಿ ಚಕ್ಕೆ ಏಳುತ್ತದೆ. ಅದಕ್ಕೇ ಚಿಕ್ಕ ಲೇತಿನಲ್ಲಿ, ಒಂದೆರಡು ಪೈಪಿನ ಕೆಲಸಕ್ಕೆ, ನಾನು ಎಚ್‌ಎಸ್‌ಎಸ್ ಅನ್ನೇ ಹೇಳುವುದು. ಕಟ್ ನಡೆಯುವಾಗ ಮಧ್ಯದಲ್ಲಿ ಸ್ಪಿಂಡಲ್ ನಿಲ್ಲಿಸಿದರೂ ತುದಿ ಉಳಿಯುವುದಿಲ್ಲ.

ಮೊದಲ ಕಟ್‌ಗಳಲ್ಲೇ ಮುರಿದರೆ ತುದಿ ತೀರಾ ಚೂಪಾಗಿದೆ. ಹಲವು ಪಿಚ್‌ಗಳಿಗೆ ಒಂದೇ ಇನ್ಸರ್ಟ್ ಅಂತ ಬರುವವುಗಳ ತುದಿ ಅದರಲ್ಲಿನ ಅತಿ ಸಣ್ಣ ಪಿಚ್‌ಗೆ ಹೊಂದುವಂತೆ ಮಾಡಿರುತ್ತದೆ. 11 ಥ್ರೆಡ್ಡಿನ ಬಿಎಸ್‌ಪಿಟಿಗೆ ತುದಿಯಲ್ಲಿ ಸುಮಾರು 0.32 ಮಿ.ಮೀ. ರೇಡಿಯಸ್ ಇರಬೇಕು. ಆ ಪಿಚ್‌ಗೆಂದೇ ಮಾಡಿದ ಇನ್ಸರ್ಟ್ ಗಟ್ಟಿಯಾಗಿರುತ್ತದೆ, ಥ್ರೆಡ್ಡಿನ ತಲೆಯನ್ನೂ ದುಂಡಗೆ ಮುಗಿಸುತ್ತದೆ. ಆದರೆ ಹೊರೆ ಜಾಸ್ತಿ, ಮೇಲೆ ಹೇಳಿದ ಸಡಿಲಗಳನ್ನೆಲ್ಲ ಸರಿಮಾಡಿದ ಮೇಲಷ್ಟೇ ಹಾಕಿ.

ಗೇಜ್ ಕೂರದಿದ್ದರೆ

ರಿಂಗ್ ಗೇಜ್ (ಒಳಗೆ ಥ್ರೆಡ್ ಇರುವ ಅಳತೆಯ ಉಂಗುರ) ಹಾಕಿದಾಗ ಎರಡು ಬಗೆಯ ತೊಂದರೆ ಕಾಣುತ್ತದೆ. ಗೇಜ್ ಗಟ್ಟಿಯಾಗಿ, ಅಲುಗಾಡದೆ ನಿಲ್ಲುತ್ತದೆ, ಆದರೆ ಬೇಗ ನಿಲ್ಲುತ್ತದೆ ಅಥವಾ ತೀರಾ ಒಳಕ್ಕೆ ಹೋಗುತ್ತದೆ. ಇದು ಅಳತೆಯ ತೊಂದರೆ, ಸುಲಭ. ಟೇಪರ್ 16ಕ್ಕೆ 1 ಇರುವುದರಿಂದ ಒಂದು ಸುತ್ತಿಗೆ ವ್ಯಾಸ 0.144 ಮಿ.ಮೀ. ಬದಲಾಗುತ್ತದೆ. ಅಂದರೆ ಆಳದಲ್ಲಿ 0.072. ಗೇಜ್ ಎರಡು ಸುತ್ತು ಮೊದಲೇ ನಿಂತರೆ ಆಳ ಇನ್ನೂ 0.144 ಬೇಕು, ಎರಡು ಕಟ್‌ನಲ್ಲಿ ಕೊಡಿ. 2 ಇಂಚಿನ ಪೈಪಿಗೆ ಒಂದು ಸುತ್ತು ಆಚೀಚೆ ಇದ್ದರೆ ಪಾಸ್. ಗೇಜ್ ನಿಲ್ಲಬೇಕಾದ ಜಾಗ ಬಿಎಸ್‌ಪಿಟಿಯಲ್ಲಿ ತುದಿಯಿಂದ 15.9 ಮಿ.ಮೀ.

ಗೇಜ್ ನಿಂತ ಮೇಲೂ ಕೈಯಲ್ಲಿ ಅಲುಗಾಡಿದರೆ ಅದು ಟೇಪರಿನ ತೊಂದರೆ. ಥ್ರೆಡ್ಡಿಗೆ ತೆಳುವಾಗಿ ನೀಲಿ ಬಣ್ಣ ಹಚ್ಚಿ ಗೇಜ್ ಹಾಕಿ ತೆಗೆಯಿರಿ. ತುದಿಯಲ್ಲಿ ಮಾತ್ರ ಅಳಿಸಿದ್ದರೆ ಟೇಪರ್ ಕಡಿಮೆ, ಒಳಗಡೆ ಮಾತ್ರ ಅಳಿಸಿದ್ದರೆ ಜಾಸ್ತಿ. ಡಯಲ್ ಗೇಜಿನಲ್ಲಿ ನೋಡುವುದಾದರೆ ಟೇಪರ್ ಮಾಡಿದ ಮೇಲ್ಮೈ ಮೇಲೆ ಕ್ಯಾರೇಜ್ 32 ಮಿ.ಮೀ. ಓಡಿದಾಗ ಮುಳ್ಳು ಸರಿಯಾಗಿ 1 ಮಿ.ಮೀ. ಸರಿಯಬೇಕು. ಟೇಲ್‌ಸ್ಟಾಕ್ ಸರಿಸಿ ಟೇಪರ್ ಮಾಡುವವರಿಗೂ ಅದೇ ಲೆಕ್ಕ: ಎರಡು ಸೆಂಟರುಗಳ ನಡುವಿನ ಉದ್ದವನ್ನು 32ರಿಂದ ಭಾಗಿಸಿ. 320 ಮಿ.ಮೀ. ಇದ್ದರೆ 10 ಮಿ.ಮೀ. ಸರಿಸಬೇಕು. ಉದ್ದ ಬದಲಾದರೆ ಸರಿಸುವುದೂ ಬದಲಾಗಬೇಕು, ಇದನ್ನು ಮರೆಯುವವರು ಬಹಳ.

ತುದಿಯ ಎರಡು ಮೂರು ಥ್ರೆಡ್ ಮಾತ್ರ ನೇರವಾಗಿ, ಆಮೇಲಿನವು ಟೇಪರಾಗಿ ಬಂದಿದ್ದರೆ ಟೇಪರ್ ಅಟ್ಯಾಚ್‌ಮೆಂಟಿನಲ್ಲಿ (ಟೇಪರಿಗೆ ತಕ್ಕಂತೆ ಟೂಲನ್ನು ಸರಿಸುವ ಸಾಧನ) ಪ್ಲೇ, ಅಂದರೆ ಸಡಿಲ, ಇದೆ. ಪ್ಲೇ ಮುಗಿಯುವವರೆಗೆ ಟೂಲ್ ನೇರವಾಗಿಯೇ ಹೋಗುತ್ತದೆ. ಪ್ರತಿ ಕಟ್ಟನ್ನೂ ಪೈಪಿಗಿಂತ 15 ಮಿ.ಮೀ. ದೂರದಿಂದ ಶುರುಮಾಡಿ.

ಇನ್ನೊಂದು ವಿಷಯ. ಟೂಲನ್ನು ಪೈಪಿನ ಅಕ್ಷಕ್ಕೆ ಲಂಬವಾಗಿ ಇಡಬೇಕು, ಟೇಪರಾದ ಮೇಲ್ಮೈಗೆ ಅಲ್ಲ. ಟೇಪರಿಗೆ ಸೆಂಟರ್ ಗೇಜ್ ಒರಗಿಸಿ ಟೂಲ್ ಕೂರಿಸಿದರೆ ಥ್ರೆಡ್ ಒಂದು ಕಡೆಗೆ 1.8 ಡಿಗ್ರಿ ವಾಲುತ್ತದೆ.

ಥ್ರೆಡ್ ಎರಡೆರಡಾಗಿ ಸೀಳಿಕೊಂಡರೆ ಕಾರಣ ಹಾಫ್ ನಟ್. ಇಂಚಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ 11.5 ಥ್ರೆಡ್ಡಿಗೆ ಪ್ರತಿ ಸಲ ಥ್ರೆಡ್ಡಿಂಗ್ ಡಯಲಿನ ಅದೇ ಒಂದು ಅಂಕಿಗೆ ಹಾಫ್ ನಟ್ ಹಾಕಿ. ಮೆಟ್ರಿಕ್ ಲೀಡ್ ಸ್ಕ್ರೂ ಆದರೆ ಹಾಫ್ ನಟ್ ತೆಗೆಯಲೇಬೇಡಿ. ಟೂಲ್ ಹೊರಗೆಳೆದು, ಮೋಟಾರ್ ರಿವರ್ಸ್ ಮಾಡಿ ವಾಪಸ್ ತನ್ನಿ.

ಗೇಜ್ ಸರಿ, ಆದರೂ ಸೋರಿದರೆ

ಈ ದೋಷ ಬಹಳ ಮೋಸ ಮಾಡುತ್ತದೆ. ಮೂರು ಜಾ ಚಕ್‌ನಲ್ಲಿ ಪೈಪನ್ನು ಬಿಗಿಯಾಗಿ ಹಿಡಿದಾಗ ಅದು ಸ್ವಲ್ಪ ಮುಕ್ಕೋನವಾಗುತ್ತದೆ. ಟೂಲ್ ಅದನ್ನು ದುಂಡಗೆ ಕತ್ತರಿಸುತ್ತದೆ. ಚಕ್‌ನಲ್ಲಿರುವಾಗ ಡಯಲ್ ಗೇಜ್ ಇಟ್ಟರೂ ಸೊನ್ನೆ ತೋರಿಸುತ್ತದೆ. ಚಕ್ ಬಿಟ್ಟ ಕೂಡಲೇ ಪೈಪು ತನ್ನ ಆಕಾರಕ್ಕೆ ಮರಳುತ್ತದೆ, ಥ್ರೆಡ್ ಮುಕ್ಕೋನವಾಗುತ್ತದೆ. ಆದ್ದರಿಂದ ಪರೀಕ್ಷೆ ಚಕ್ ಬಿಟ್ಟ ಮೇಲೆಯೇ ಆಗಬೇಕು. ನೀಲಿ ಹಚ್ಚಿ ಗೇಜ್ ಹಾಕಿ ತೆಗೆದಾಗ ಸುತ್ತಲೂ ಮೂರು ಕಡೆ ಅಳಿಸಿ, ಮೂರು ಕಡೆ ಉಳಿದಿದ್ದರೆ ಇದೇ ಕಾರಣ. ಮೈಕ್ರೋಮೀಟರಿನಲ್ಲಿ ಎದುರುಬದುರು ಅಳೆದರೆ ಈ ಮುಕ್ಕೋನ ಸಿಕ್ಕಿಬೀಳುವುದೇ ಇಲ್ಲ.

ಪರಿಹಾರ ಸರಳ. ಜಾ ಹಿಡಿಯುವ ಜಾಗದಲ್ಲಿ ಪೈಪಿನ ಒಳಗೆ ಬಿಗಿಯಾದ ಪ್ಲಗ್ ಹಾಕಿ, ಅಥವಾ ಪೈಪಿನ ಸುತ್ತ ಸೀಳಿದ ಉಂಗುರ ಹಾಕಿ ಹಿಡಿಯಿರಿ. ಗೋಡೆಯ ದಪ್ಪವನ್ನೂ ನೋಡಿಕೊಳ್ಳಿ. 2 ಇಂಚಿನ ಶೆಡ್ಯೂಲ್ 40 (ಗೋಡೆ ದಪ್ಪದ ದರ್ಜೆ) ಪೈಪಿನ ಗೋಡೆ 3.91 ಮಿ.ಮೀ. ಇರುತ್ತದೆ, ಥ್ರೆಡ್ ಹಾಕಬಹುದು. ಶೆಡ್ಯೂಲ್ 10ರ ಗೋಡೆ ಬರಿ 2.77. ಅದರಲ್ಲಿ 1.5 ಮಿ.ಮೀ. ಕತ್ತರಿಸಿದರೆ ಉಳಿಯುವುದೇನು? ಅದಕ್ಕೆ ಥ್ರೆಡ್ ಹಾಕಲು ಒಪ್ಪಿಕೊಳ್ಳಬೇಡಿ.

ಎದುರು ಫಿಟ್ಟಿಂಗ್ ಯಾವ ಜಾತಿಯದು ಅಂತಲೂ ಒಮ್ಮೆ ಖಚಿತ ಮಾಡಿಕೊಳ್ಳಿ. 2 ಇಂಚಿನಲ್ಲಿ ಬಿಎಸ್‌ಪಿಟಿ, ಎನ್‌ಪಿಟಿ ಕೆಲವು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತವೆ, ಗೊತ್ತಾಗುತ್ತದೆ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ 14 ಥ್ರೆಡ್. ಚೆನ್ನಾಗಿ ಕೂತಂತೆ ಕಂಡು ಸೋರುತ್ತವೆ.

ಟ್ಯಾಪ್ ಸಿಕ್ಕಿಕೊಂಡರೆ

ತೂತಿನೊಳಗೆ ಥ್ರೆಡ್ ಹಾಕುವ ಸಾದಾ ಟ್ಯಾಪಿನಲ್ಲಿ ಕತ್ತರಿಸುವುದು ಮುಂದಿನ ಕೆಲವು ಹಲ್ಲು ಮಾತ್ರ. ಟೇಪರ್ ಪೈಪ್ ಟ್ಯಾಪಿನಲ್ಲಿ ಒಳಗೆ ಹೋದ ಪ್ರತಿ ಹಲ್ಲೂ ಕತ್ತರಿಸುತ್ತಲೇ ಇರುತ್ತದೆ. ಆಳಕ್ಕೆ ಹೋದಷ್ಟೂ ಹೊರೆ ಏರುತ್ತದೆ. 2 ಇಂಚಿನ ಟ್ಯಾಪನ್ನು ಎಸ್‌ಎಸ್‌ನ ನೇರ ತೂತಿಗೆ ಹಾಗೇ ಹಾಕಿದರೆ ಸಿಕ್ಕಿಕೊಳ್ಳದಿದ್ದರೇ ಆಶ್ಚರ್ಯ.

ಸಿಕ್ಕಿಕೊಂಡಿದ್ದರೆ ಹಿಡಿಕೆಗೆ ಉದ್ದ ಪೈಪು ಸಿಕ್ಕಿಸಿ ತಿರುಗಿಸಬೇಡಿ. ಸಂದಿಗಳಲ್ಲಿನ ಸಿಪ್ಪೆಯನ್ನು ಕೊಕ್ಕೆಯಿಂದ ತೆಗೆಯಿರಿ, ಎಣ್ಣೆ ಬಿಡಿ, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ಅಂತ ಸಡಿಲಿಸಿ. ಮುಂದಿನ ಸಲ ತೂತನ್ನು ಮೊದಲೇ ಬೋರಿಂಗ್ ಮಾಡಿ ಟೇಪರಿಗೆ ತನ್ನಿ. 2 ಇಂಚಿನ ಎನ್‌ಪಿಟಿಗೆ ರೂಢಿಯಲ್ಲಿರುವ ತೂತು ಸುಮಾರು 56.4 ಮಿ.ಮೀ. ಒಂದು ಬಿಟ್ಟು ಒಂದು ಹಲ್ಲು ತೆಗೆದಿರುವ ಟ್ಯಾಪ್ ಸಿಕ್ಕರೆ ಅದನ್ನೇ ಬಳಸಿ, ಸಿಪ್ಪೆಗೆ ಜಾಗ ಸಿಗುತ್ತದೆ. ನನಗೆ ಒಪ್ಪುವ ಕ್ರಮ ಇನ್ನೊಂದು: ಲೇತಿನಲ್ಲೇ ಬೋರಿಂಗ್ ಬಾರಿನಿಂದ ಥ್ರೆಡ್ಡನ್ನು ಹೆಚ್ಚುಕಡಿಮೆ ಪೂರ್ತಿ ಹಾಕಿ, ಟ್ಯಾಪಿಗೆ ಕೊನೆಯ 0.1 ಮಿ.ಮೀ. ಮಾತ್ರ ಬಿಡುವುದು. ಟ್ಯಾಪನ್ನು ಟೇಲ್‌ಸ್ಟಾಕ್ ಸೆಂಟರಿಗೆ ಒರಗಿಸಿ, ಹಾಕಿದ ಥ್ರೆಡ್ಡಿನಲ್ಲೇ ಕೂತಿದೆ ಅಂತ ಕೈಯಲ್ಲಿ ಖಾತ್ರಿಯಾದ ಮೇಲೆ ತಿರುಗಿಸಿ.

ಲೇತ್ ಬಿಟ್ಟು ಥ್ರೆಡ್ಡಿಂಗ್ ಮೆಷಿನ್ನಿನ ಡೈ (ಪೈಪಿನ ಹೊರಗೆ ಥ್ರೆಡ್ ಹಾಕುವ ಹಲ್ಲಿನ ತುಂಡುಗಳು) ಬಳಸುವವರು ಎರಡು ವಿಷಯ ನೋಡಿಕೊಳ್ಳಿ. ಡೈಗಳ ಮೇಲಿನ 1, 2, 3, 4 ಅಂಕಿಗೆ ತಕ್ಕಂತೆ ಅವು ಆಯಾ ಅಂಕಿಯ ಸಂದಿಯಲ್ಲೇ ಕೂತಿರಬೇಕು. ಅದಲುಬದಲಾದರೆ ಥ್ರೆಡ್ ಹರಿದುಬರುತ್ತದೆ. ಎಸ್‌ಎಸ್‌ಗೆ ಎಚ್‌ಎಸ್‌ಎಸ್ ಡೈಗಳೇ ಬೇಕು.

ಜೋಡಿಸುವಾಗ ಹಿಡಿದುಕೊಂಡರೆ

ಥ್ರೆಡ್ ಚೆನ್ನಾಗಿದೆ, ಆದರೆ ಎಸ್‌ಎಸ್ ಫಿಟ್ಟಿಂಗ್ ಹಾಕಿ ಬಿಗಿಮಾಡುವಾಗ ನಡುವೆ ಕಚ್ಚಿಕೊಂಡಿತು, ಹಿಂದಕ್ಕೂ ಬರುತ್ತಿಲ್ಲ. ಎಸ್‌ಎಸ್ ಎಸ್‌ಎಸ್‌ಗೆ ಉಜ್ಜಿದಾಗ ಬೆಸೆದುಕೊಳ್ಳುತ್ತದೆ. ಥ್ರೆಡ್ಡಿನ ತಲೆಯಲ್ಲಿ ಬರ್ (ಎದ್ದು ನಿಂತ ಚೂಪು ಲೋಹ) ಉಳಿದಿದ್ದರೆ ಅದು ಅಲ್ಲಿಂದಲೇ ಶುರುವಾಗುತ್ತದೆ. ನುಣುಪು ಕಲ್ಲು ಅಥವಾ ಎಮರಿ ಬಟ್ಟೆಯಿಂದ ತಲೆಗಳನ್ನು ಸವರಿ, ಸಿಪ್ಪೆ ಪುಡಿ ಪೂರ್ತಿ ಒರೆಸಿ, ಎಸ್‌ಎಸ್‌ಗೆ ಹೇಳಿದ ಥ್ರೆಡ್ ಪೇಸ್ಟ್ ಹಚ್ಚಿ, ನಿಧಾನವಾಗಿ ಬಿಗಿಮಾಡಿ. ಆಕ್ಸಿಜನ್ ಲೈನಿಗೆ ಹೋಗುವ ಪೈಪಾದರೆ ಕಟಿಂಗ್ ಆಯಿಲಿನ ಒಂದು ಹನಿಯೂ ಉಳಿಯಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಅಂಥ ಪೈಪನ್ನು ಆಕ್ಸಿಜನ್ನಿಗೆ ಒಪ್ಪುವ ವಿಧಾನದಲ್ಲಿ ತೊಳೆದು, ಅದಕ್ಕೆಂದೇ ಇರುವ ಪೇಸ್ಟ್ ಅಥವಾ ಟೇಪ್ ಮಾತ್ರ ಬಳಸಿ.